0.36 ಮೀಟರ್ ಕೇಳಿದರೆ 1.81 ಕೊಟ್ಟ ಸಾಲ್ವರ್: ಕಟ್ಟಿದ್ದು, ಕೆಟ್ಟದ್ದು, ರಿಪೇರಿ

ಅಂತರ್ಜಲದಲ್ಲಿ ಕರಗಿದ ಉಪ್ಪೋ ರಾಸಾಯನಿಕವೋ ಎಷ್ಟು ದಿನಕ್ಕೆ ಎಷ್ಟು ದೂರ ಹೋಗುತ್ತದೆ, ಹೋಗುವಾಗ ಎಷ್ಟು ಹರಡಿಕೊಳ್ಳುತ್ತದೆ ಎಂದು ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮೊಂದರ ದಾಖಲೆ ಇದು. ಸಾಮಾನು ಇಷ್ಟೇ: ಪೈಥಾನ್, ಅದರ ಲೆಕ್ಕದ ಲೈಬ್ರರಿಗಳಾದ ನಮ್‌ಪೈ, ಸೈಪೈ. ಕೋಡು ನೂರು ಸಾಲಿನೊಳಗೆ ಮುಗಿಯುತ್ತದೆ. ಬರೆಯಲು ಒಂದು ಸಂಜೆ ಸಾಕು, ಬರೆದದ್ದು ಸರಿಯೇ ಎಂದು ಖಾತ್ರಿ ಮಾಡಿಕೊಳ್ಳಲು ಉಳಿದ ವಾರ ಬೇಕು.

ಯಾಕೆಂದರೆ ಇಲ್ಲಿ ತಪ್ಪು ಎರಡು ಬಗೆ. ಚಿಹ್ನೆ ತಿರುವುಮುರುವಾದರೆ, ಯೂನಿಟ್ ತಪ್ಪಿದರೆ ಗ್ರಾಫ್ ವಿಕಾರವಾಗುತ್ತದೆ, ಕಣ್ಣಿಗೆ ಬೀಳುತ್ತದೆ. ಗ್ರಿಡ್ (ನೆಲವನ್ನು ಸೆಲ್ಲುಗಳೆಂಬ ತುಂಡುಗಳಾಗಿ ಕತ್ತರಿಸಿದ ಜಾಲ) ಒರಟಾದರೆ ಗ್ರಾಫ್ ಇನ್ನಷ್ಟು ನುಣುಪಾಗುತ್ತದೆ, ನೋಡಿದವರು ಮೆಚ್ಚುತ್ತಾರೆ. ಈ ಎರಡನೇ ಬಗೆಯನ್ನು ಹಿಡಿಯುವುದು ಹೇಗೆ ಎಂಬುದೇ ಈ ದಾಖಲೆಯ ಮುಖ್ಯ ವಿಷಯ.

ಅಳತೆಗಳು ಎಲ್ಲಿಂದ

ಕಲ್ಪಿತ ಅಂಕಿಗಳ ಮೇಲೆ ಕಟ್ಟಿದರೆ ತಪ್ಪಿಗೂ ಸರಿಗೂ ಇರುವ ಅಂತರದ ಗಾತ್ರ ತಿಳಿಯುವುದಿಲ್ಲ. ಆದ್ದರಿಂದ ಕೆನಡಾದ ಒಂಟಾರಿಯೋದಲ್ಲಿರುವ ಬೋರ್ಡನ್ ಸೇನಾ ನೆಲೆಯ ಮರಳನ್ನೇ ಆರಿಸಿದ್ದು. 1982ರ ಆಗಸ್ಟ್ 23ರಂದು ಸ್ಟ್ಯಾನ್‌ಫರ್ಡ್ ಮತ್ತು ವಾಟರ್‌ಲೂ ವಿಶ್ವವಿದ್ಯಾಲಯಗಳವರು ಅಲ್ಲಿ ಸುಮಾರು 12 ಘನ ಮೀಟರ್ ದ್ರಾವಣವನ್ನು ನೆಲದೊಳಕ್ಕೆ ಬಿಟ್ಟರು. ಪಂಪ್ ಹಾಕಿ ಎಳೆಯಲಿಲ್ಲ, ನೀರಿನ ಸಹಜ ಇಳಿಜಾರಿನಲ್ಲೇ ಸಾಗಲು ಬಿಟ್ಟರು. ಅದರಲ್ಲಿ ಕ್ಲೋರೈಡ್ ಲೀಟರಿಗೆ 892 ಮಿ.ಗ್ರಾಂ, ಬ್ರೋಮೈಡ್ 324 ಮಿ.ಗ್ರಾಂ, ಜೊತೆಗೆ ಐದು ಸಾವಯವ ರಾಸಾಯನಿಕಗಳು. ಸಾವಿರಾರು ಮಾದರಿ ಬಿಂದುಗಳಿಂದ ಸುಮಾರು ಮೂರು ವರ್ಷ ನೀರು ತೆಗೆದು ಅಳೆದರು. ಕ್ಲೋರೈಡಿನ ಒಟ್ಟು ತೂಕ ಗುಣಿಸಿ ನೋಡಿದರೆ 10.7 ಕಿಲೋ.

ಅಲ್ಲಿಂದ ಎತ್ತಿಕೊಂಡದ್ದು: ರಂಧ್ರತೆ (ಮರಳಿನಲ್ಲಿ ಖಾಲಿ ಜಾಗದ ಪಾಲು) 0.33, ನೀರಿನ ವೇಗ ದಿನಕ್ಕೆ ಸುಮಾರು 0.09 ಮೀಟರ್, ಹರಿವಿನ ದಿಕ್ಕಿನ ಡಿಸ್ಪರ್ಸಿವಿಟಿ (ಸಾಗುತ್ತಾ ಎಷ್ಟು ಹರಡಿಕೊಳ್ಳುತ್ತದೆ ಎಂಬುದರ ಅಳತೆ) 0.36 ಮೀ., ಅಡ್ಡ ದಿಕ್ಕಿನದು 0.039 ಮೀ. ಡಿಸ್ಪರ್ಷನ್ ಗುಣಾಂಕವೆಂದರೆ ಡಿಸ್ಪರ್ಸಿವಿಟಿ ಗುಣಿಸು ವೇಗ, ಅಂದರೆ ದಿನಕ್ಕೆ 0.0324 ಚದರ ಮೀಟರ್. ಅಣುಗಳ ಸಹಜ ಡಿಫ್ಯೂಷನ್ ಇದರ ನೂರರಲ್ಲೊಂದು ಪಾಲಿಗೂ ಕಡಿಮೆ, ಬಿಟ್ಟರೆ ನಷ್ಟವಿಲ್ಲ.

ವೇಗದ ವಿಷಯದಲ್ಲಿ ಒಂದು ಹಳೆಯ ಗುಂಡಿ. ಡಾರ್ಸಿ ಸೂತ್ರದಿಂದ (ಮರಳು ನೀರು ಹಾಯಿಸುವ ವಾಹಕತೆ ಗುಣಿಸು ಇಳಿಜಾರು) ಬರುವುದು ನೀರಿನ ಕಣದ ವೇಗವಲ್ಲ, ಇಡೀ ಅಡ್ಡಕೊಯ್ತಕ್ಕೆ ಹಂಚಿದ ಹರಿವು. ಬೋರ್ಡನ್ ಮರಳಿನ ವಾಹಕತೆ ಸೆಕೆಂಡಿಗೆ ಸುಮಾರು 0.000072 ಮೀಟರ್, ಅಂದರೆ ದಿನಕ್ಕೆ 6.2 ಮೀಟರ್. ಇಳಿಜಾರು ಸುಮಾರು 0.0043. ಎರಡನ್ನೂ ಗುಣಿಸಿದರೆ 0.027. ಇದನ್ನು ರಂಧ್ರತೆಯಿಂದ ಭಾಗಿಸಿದ ಮೇಲೆಯೇ 0.08 ಬರುತ್ತದೆ, ಅಳೆದ 0.09ರ ಹತ್ತಿರ. ಭಾಗಿಸಲು ಮರೆತರೆ ಮೂರು ವರ್ಷದ ದಾರಿಗೆ ಒಂಬತ್ತು ವರ್ಷ ಹಿಡಿಯುತ್ತದೆ.

ಮೊದಲ ಕಟ್ಟುವಿಕೆ, ಮತ್ತು ಒಂದು ಹೆಜ್ಜೆ ಕೈಲೆಕ್ಕ

ಒಂದೇ ಆಯಾಮ, 100 ಮೀಟರ್ ಉದ್ದ. ಪ್ರತಿ ಸೆಲ್ಲಿಗೂ ಬರುವುದೆಷ್ಟು, ಹೋಗುವುದೆಷ್ಟು ಎಂಬ ಜಮಾ-ಖರ್ಚು. ಸೆಂಟ್ರಲ್ ಡಿಫರೆನ್ಸ್ (ಎರಡೂ ಪಕ್ಕದ ಸೆಲ್ಲುಗಳ ಬೆಲೆಯನ್ನು ಸಮವಾಗಿ ಬಳಸುವ ವಿಧಾನ) ಇಟ್ಟರೆ ಎರಡೇ ಗುಣಾಂಕಗಳು:

ಹಿಂದಿನ ಸೆಲ್ಲಿನಿಂದ = ಡಿಸ್ಪರ್ಷನ್ ÷ ಸೆಲ್ ಅಗಲದ ವರ್ಗ + ವೇಗ ÷ ಸೆಲ್ ಅಗಲದ ಎರಡರಷ್ಟು
ಮುಂದಿನ ಸೆಲ್ಲಿನಿಂದ = ಡಿಸ್ಪರ್ಷನ್ ÷ ಸೆಲ್ ಅಗಲದ ವರ್ಗ − ವೇಗ ÷ ಸೆಲ್ ಅಗಲದ ಎರಡರಷ್ಟು

ಸೆಲ್ ಅಗಲ 2 ಮೀಟರ್ ಇಟ್ಟರೆ ಮೊದಲನೆಯದು 0.0081 + 0.0225 = 0.0306. ಎರಡನೆಯದು 0.0081 − 0.0225 = ಮೈನಸ್ 0.0144. ಈ ಮೈನಸ್ಸೇ ರೋಗದ ಮೂಲ. ಒಂದು ಸೆಲ್ಲಿನಲ್ಲಿ ಸಾಂದ್ರತೆ 100, ಅಕ್ಕಪಕ್ಕ ಸೊನ್ನೆ ಎಂದಿಟ್ಟು 10 ದಿನದ ಒಂದೇ ಎಕ್ಸ್‌ಪ್ಲಿಸಿಟ್ (ಹಳೆಯ ಬೆಲೆಗಳಿಂದಲೇ ಹೊಸದನ್ನು ತೆಗೆಯುವ) ಹೆಜ್ಜೆ ಕೈಯಲ್ಲೇ ಹಾಕಿ ನೋಡಿ. ಮುಂದಿನ ಸೆಲ್ಲಿಗೆ 30.6 ಹೋಯಿತು, ತನ್ನಲ್ಲಿ 83.8 ಉಳಿಯಿತು, ಹಿಂದಿನ ಸೆಲ್ಲಿಗೆ ಮೈನಸ್ 14.4 ಬಂತು. ಕೂಡಿದರೆ ಸರಿಯಾಗಿ 100. ಲೆಕ್ಕ ಪುಸ್ತಕದಲ್ಲಿ ಒಂದು ಪೈಸೆ ವ್ಯತ್ಯಾಸವಿಲ್ಲ, ಆದರೆ ನೆಲದೊಳಗೆ ಸೊನ್ನೆಗಿಂತ ಕಡಿಮೆ ಉಪ್ಪು! ದ್ರವ್ಯರಾಶಿ ತಾಳೆಯಾದ ಮಾತ್ರಕ್ಕೆ ಉತ್ತರ ಸರಿ ಎಂದು ನಂಬುವವರಿಗೆ ಈ ಮೂರು ಅಂಕಿ ಸಾಕು.

ಸೆಲ್ ಅಗಲವನ್ನು ಡಿಸ್ಪರ್ಸಿವಿಟಿಯಿಂದ ಭಾಗಿಸಿದರೆ ಬರುವುದೇ ಗ್ರಿಡ್ ಪೆಕ್ಲೆ ಸಂಖ್ಯೆ. ಇಲ್ಲಿ 2 ÷ 0.36 = 5.6. ಅದು 2ನ್ನು ದಾಟಿದ ಕ್ಷಣ ಆ ಎರಡನೇ ಗುಣಾಂಕ ಮೈನಸ್ ಆಗುತ್ತದೆ. ಪಠ್ಯಗಳಲ್ಲಿ ‘ಪೆಕ್ಲೆ 2ರೊಳಗಿರಲಿ’ ಎಂದು ನಿಯಮದಂತೆ ಬರೆದಿರುವುದರ ಒಳಗುಟ್ಟು ಇಷ್ಟೇ.

ಸೆಲ್ ಅಗಲ 0.5 ಮೀಟರಿಗೆ ಇಳಿಸಿ, ಹೆಜ್ಜೆ 2 ದಿನಕ್ಕೆ. ಪೆಕ್ಲೆ 1.39. ಗುಣಾಂಕಗಳು 0.2196 ಮತ್ತು 0.0396, ಎರಡೂ ಪ್ಲಸ್. ಅದೇ 100 ಈಗ ಹೀಗೆ ಹಂಚಿಕೆಯಾಗುತ್ತದೆ: ಹಿಂದೆ 7.92, ತನ್ನಲ್ಲಿ 48.16, ಮುಂದೆ 43.92. ಸರಾಸರಿ ಜಾಗ ಮುಂದೆ ಸರಿದದ್ದು (0.4392 − 0.0792) × 0.5 = 0.18 ಮೀ. ದಿನಕ್ಕೆ 0.09ರಂತೆ ಎರಡು ದಿನಕ್ಕೆ ಸರಿಯಾಗಿ ಇಷ್ಟೇ. ಇಲ್ಲಿಗೆ ನಿಲ್ಲಿಸಿದರೆ ಖುಷಿಯಾಗಿ ಮಲಗಬಹುದು.

ನಿಲ್ಲಿಸದೆ ವೇರಿಯನ್ಸ್ (ಸರಾಸರಿಯ ಸುತ್ತ ಎಷ್ಟು ಹರಡಿದೆ ಎಂಬ ಅಳತೆ) ಕೂಡ ಲೆಕ್ಕ ಹಾಕಿ. (0.4392 + 0.0792) × 0.25 = 0.1296, ಅದರಲ್ಲಿ ಸರಾಸರಿಯ ವರ್ಗ 0.0324 ಕಳೆದರೆ 0.0972. ಬರಬೇಕಾದದ್ದು ಎರಡು ಪಟ್ಟು ಡಿಸ್ಪರ್ಷನ್ ಗುಣಿಸು ಕಾಲ, ಅಂದರೆ 0.1296. ಕಾಲು ಭಾಗ ನಾಪತ್ತೆ. ಗ್ರಾಫಿನಲ್ಲಿ ಇದು ಕಾಣುವುದೇ ಇಲ್ಲ.

ಮೊಮೆಂಟ್ ಪರೀಕ್ಷೆ

ಈ ಕೈಲೆಕ್ಕವನ್ನೇ ಇಡೀ ಓಟಕ್ಕೆ ಹಚ್ಚುವುದು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕಟುವಾದ ಪರೀಕ್ಷೆ. ಗಡಿಯಿಂದ ದೂರ, 20 ಮೀಟರಿನ ಹತ್ತಿರ, ಒಂದು ಸೆಲ್ಲಿನಲ್ಲಿ ಮಾತ್ರ ಉಪ್ಪಿಟ್ಟು ಓಡಿಸಬೇಕು. ಡೊಮೇನ್ ಉದ್ದ 150 ಮೀಟರಿಗೆ ಏರಿಸಿ, ಬಾಲ ಹೊರಗೆ ಹೋಗಬಾರದು. ನಂತರ ಎರಡು ಬೇರೆ ದಿನಗಳಲ್ಲಿ ಮೊಮೆಂಟ್ ಎನ್ನುವ ಮೂರು ಮೊತ್ತ ತೆಗೆಯಬೇಕು: ಒಟ್ಟು ದ್ರವ್ಯರಾಶಿ, ಸರಾಸರಿ ಜಾಗ, ವೇರಿಯನ್ಸ್. ಮೊದಲನೆಯದು ಬದಲಾಗಬಾರದು. ಎರಡನೆಯದರ ವ್ಯತ್ಯಾಸವನ್ನು ಕಾಲದಿಂದ ಭಾಗಿಸಿದರೆ ವೇಗ. ಮೂರನೆಯದರ ವ್ಯತ್ಯಾಸವನ್ನು ಕಾಲದ ಎರಡರಷ್ಟರಿಂದ ಭಾಗಿಸಿದರೆ ಪ್ರೋಗ್ರಾಮ್ ನಿಜವಾಗಿ ಬಳಸಿದ ಡಿಸ್ಪರ್ಷನ್. ನೀವು ಕೊಟ್ಟದ್ದಲ್ಲ, ಅದು ಬಳಸಿದ್ದು. ಎರಡು ದಿನಗಳ ವ್ಯತ್ಯಾಸ ತೆಗೆಯುವುದರಿಂದ ಆರಂಭದ ಅಗಲದ ಜಗಳವೂ ತಪ್ಪುತ್ತದೆ. ಬೋರ್ಡನ್ ಮಾಹಿತಿಯಿಂದ ವೇಗ ಮತ್ತು ಡಿಸ್ಪರ್ಸಿವಿಟಿ ತೆಗೆದದ್ದೂ ಇದೇ ಮೊಮೆಂಟ್ ವಿಧಾನದಿಂದ, ಹಾಗಾಗಿ ಹೋಲಿಕೆ ಸಮಸಮ.

ಸೆಲ್ 0.5 ಮೀ., ಹೆಜ್ಜೆ 2 ದಿನ, ಕೊಟ್ಟ ಡಿಸ್ಪರ್ಷನ್ 0.0324. ಸಿಗುವುದು ಹೀಗೆ: ಎಕ್ಸ್‌ಪ್ಲಿಸಿಟ್ ಸೆಂಟ್ರಲ್ 0.0243. ಪೂರ್ತಿ ಇಂಪ್ಲಿಸಿಟ್ (ಹೊಸ ಬೆಲೆಗಳನ್ನೇ ಬಳಸಿ ಎಲ್ಲ ಸೆಲ್ಲುಗಳನ್ನೂ ಒಟ್ಟಿಗೆ ಬಿಡಿಸುವ) ಸೆಂಟ್ರಲ್ 0.0405. ಇಂಪ್ಲಿಸಿಟ್ ಅಪ್‌ವಿಂಡ್ (ಹೊತ್ತೊಯ್ಯಲು ಹಿಂದಿನ ಸೆಲ್ಲಿನ ಬೆಲೆಯನ್ನಷ್ಟೇ ಬಳಸುವ ವಿಧಾನ) 0.0630, ಅಂದರೆ ಹೆಚ್ಚೂಕಡಿಮೆ ಎರಡು ಪಟ್ಟು. ಹಳೆಯ, ಹೊಸ ಬೆಲೆಗಳನ್ನು ಅರ್ಧರ್ಧ ಬಳಸುವ ಕ್ರ್ಯಾಂಕ್-ನಿಕೋಲ್ಸನ್ ಜೊತೆ ಸೆಂಟ್ರಲ್ ಮಾತ್ರ 0.0324, ಕೊಟ್ಟದ್ದನ್ನೇ ಹಿಂದಿರುಗಿಸುತ್ತದೆ.

ಕಾರಣ ಎರಡು ತುಂಡು. ಕಾಲದ ಹೆಜ್ಜೆಯ ಪಾಲು: ವೇಗದ ವರ್ಗ ಗುಣಿಸು ಹೆಜ್ಜೆ, ಭಾಗಿಸು 2. ಇಲ್ಲಿ 0.0081. ಎಕ್ಸ್‌ಪ್ಲಿಸಿಟ್ ಅದನ್ನು ಕಳೆಯುತ್ತದೆ, ಇಂಪ್ಲಿಸಿಟ್ ಕೂಡಿಸುತ್ತದೆ, ಎರಡರ ನಡುವೆ ನಿಂತ ಕ್ರ್ಯಾಂಕ್-ನಿಕೋಲ್ಸನ್‌ನಲ್ಲಿ ಎರಡೂ ಹೊಡೆದುಹೋಗುತ್ತವೆ. ಅಪ್‌ವಿಂಡಿನ ಪಾಲು: ವೇಗ ಗುಣಿಸು ಸೆಲ್ ಅಗಲ, ಭಾಗಿಸು 2. ಇಲ್ಲಿ 0.0225.

ಈಗ ಶೀರ್ಷಿಕೆಯ ಅಂಕಿ. ‘ಮೈನಸ್ ಬರುತ್ತಿದೆ, ಅಪ್‌ವಿಂಡ್ ಹಾಕಿ, ಇಂಪ್ಲಿಸಿಟ್ ಮಾಡಿ, ಯಾವ ಹೆಜ್ಜೆಗೂ ಸಿಡಿಯುವುದಿಲ್ಲ’ ಎಂಬುದು ಎಲ್ಲರೂ ಕೊಡುವ ಸಲಹೆ. 2 ಮೀಟರ್ ಸೆಲ್, 10 ದಿನದ ಹೆಜ್ಜೆಗೆ ಆ ಸಲಹೆ ಹಚ್ಚಿದರೆ ಅಪ್‌ವಿಂಡಿನ ಪಾಲು 0.09, ಕಾಲದ ಪಾಲು 0.0405, ನಿಜವಾದದ್ದು 0.0324. ಒಟ್ಟು 0.1629. ವೇಗದಿಂದ ಭಾಗಿಸಿದರೆ ಡಿಸ್ಪರ್ಸಿವಿಟಿ 1.81 ಮೀಟರ್. ಇನ್‌ಪುಟ್ ಫೈಲಿನಲ್ಲಿ ಡಿಸ್ಪರ್ಸಿವಿಟಿ ಸೊನ್ನೆ ಎಂದು ಬರೆದರೂ 1.45 ಮೀಟರ್ ಉಳಿದೇ ಉಳಿಯುತ್ತದೆ. ಇಂಥ ಮಾಡೆಲನ್ನು ಕ್ಯಾಲಿಬ್ರೇಟ್ ಮಾಡಲು (ಅಳೆದ ಅಂಕಿಗಳಿಗೆ ಹೊಂದಿಸಲು) ಕೂತರೆ ಡಿಸ್ಪರ್ಸಿವಿಟಿಯ ಗುಂಡಿಯನ್ನು ಎಷ್ಟು ಕೆಳಗೆ ತಿರುಗಿಸಿದರೂ ಏನೂ ಆಗುವುದಿಲ್ಲ. ಆಗ ರಂಧ್ರತೆಯನ್ನೋ ವಾಹಕತೆಯನ್ನೋ ಎಳೆದಾಡಿ ಹೊಂದಿಸುತ್ತಾರೆ. ಗ್ರಿಡ್ಡಿನ ಪಾಪ ಮಣ್ಣಿನ ತಲೆಗೆ.

ಇದರ ಬೆಲೆ ನೋಡಿ. ಮೂಲದಲ್ಲಿ 892 ಮಿ.ಗ್ರಾಂ ಕ್ಲೋರೈಡ್ ನಿರಂತರ ಬರುತ್ತಿದೆ, ಹರಿವಿನ ದಿಕ್ಕಿನಲ್ಲಿ 50 ಮೀಟರ್ ಮುಂದೆ ಒಂದು ಬಾವಿ, ಒಂದು ವರ್ಷ ಕಳೆದಿದೆ ಎಂದಿಟ್ಟುಕೊಳ್ಳಿ. ಡಿಸ್ಪರ್ಸಿವಿಟಿ 0.36 ಇದ್ದರೆ ಬಾವಿಯಲ್ಲಿ ಲೀಟರಿಗೆ 0.23 ಮಿ.ಗ್ರಾಂ. 1.81 ಇದ್ದರೆ ಹೆಚ್ಚೂಕಡಿಮೆ 65 ಮಿ.ಗ್ರಾಂ. ಮುಂಭಾಗದ ನಡುಬಿಂದು ಎರಡರಲ್ಲೂ ಸುಮಾರು ಅದೇ ಜಾಗದಲ್ಲಿರುತ್ತದೆ, ಆದರೆ ‘ಬಾವಿಗೆ ಯಾವಾಗ ಮುಟ್ಟುತ್ತದೆ’ ಎಂಬ ಪ್ರಶ್ನೆಯ ಉತ್ತರ ಬಾಲದಲ್ಲಿದೆ. ಬಾಲವೇ ಇಲ್ಲಿ ಸುಳ್ಳು.

ಹಾಗಾದರೆ ಅಪ್‌ವಿಂಡಿನಲ್ಲೇ ಗ್ರಿಡ್ ಸಣ್ಣದು ಮಾಡಿದರೆ? ಅದರ ಪಾಲು ನಿಜದ ಹತ್ತರಲ್ಲೊಂದಕ್ಕೆ ಇಳಿಯಲು ಸೆಲ್ 7.2 ಸೆಂಟಿಮೀಟರ್ ಆಗಬೇಕು. ಒಂದು ಆಯಾಮದಲ್ಲಿ 1,400 ಸೆಲ್, ತೊಂದರೆಯಿಲ್ಲ. 100 × 20 × 10 ಮೀಟರಿನ ಮೂರು ಆಯಾಮಕ್ಕೆ ಐದು ಕೋಟಿ ದಾಟುತ್ತದೆ.

ಮೊಮೆಂಟ್ ಪರೀಕ್ಷೆಯನ್ನೂ ಕುರುಡಾಗಿ ನಂಬಬೇಡಿ. 2 ಮೀಟರ್ ಸೆಲ್ಲಿನಲ್ಲಿ ಕ್ರ್ಯಾಂಕ್-ನಿಕೋಲ್ಸನ್ ಓಡಿಸಿದರೆ ಆಗಲೂ ವೇರಿಯನ್ಸ್ ಸರಿಯಾಗಿಯೇ ಬರುತ್ತದೆ, ಆದರೆ ಉತ್ತರ ಸೊನ್ನೆಯ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಆದ್ದರಿಂದ ಪ್ರತಿ ಓಟದ ಕೊನೆಗೆ ಮೂರು ಮೊಮೆಂಟ್ ಜೊತೆ ಕನಿಷ್ಠ ಮತ್ತು ಗರಿಷ್ಠ ಸಾಂದ್ರತೆಯನ್ನೂ ಮುದ್ರಿಸಬೇಕು. ಐದು ಅಂಕಿ, ಒಂದು ಸಾಲು. ಮೈನಸ್ ಬಂದಾಗ ಅದನ್ನು ಸೊನ್ನೆಗೆ ಕತ್ತರಿಸುವ ಸಾಲನ್ನು ಕೋಡಿಗೆ ಸೇರಿಸುವುದು ಮಾತ್ರ ಬೇಡ. ಹಾಗೆ ಮಾಡಿದರೆ ಪ್ರತಿ ಹೆಜ್ಜೆಗೂ ಎಲ್ಲಿಂದಲೋ ಉಪ್ಪು ಹುಟ್ಟುತ್ತದೆ, ಒಟ್ಟು ದ್ರವ್ಯರಾಶಿಯೇ ಕೆಡುತ್ತದೆ.

ಮ್ಯಾಟ್ರಿಕ್ಸ್

ಹೊಸ ಬೆಲೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಪ್ರತಿ ಹೆಜ್ಜೆಗೂ ಎಲ್ಲ ಸೆಲ್ಲುಗಳ ಸಮೀಕರಣಗಳನ್ನು ಒಂದು ಮ್ಯಾಟ್ರಿಕ್ಸಾಗಿ ಕಟ್ಟಿ ಬಿಡಿಸಬೇಕು. ಸೆಲ್ 0.5, ಹೆಜ್ಜೆ 2, ಕ್ರ್ಯಾಂಕ್-ನಿಕೋಲ್ಸನ್‌ಗೆ ಕರ್ಣದಲ್ಲಿ 1.2592, ಕೆಳಗಿನ ಪಟ್ಟಿಯಲ್ಲಿ ಮೈನಸ್ 0.2196, ಮೇಲಿನ ಪಟ್ಟಿಯಲ್ಲಿ ಮೈನಸ್ 0.0396. ಒಳಗಿನ ಪ್ರತಿ ಸಾಲಿನ ಮೊತ್ತ ಸರಿಯಾಗಿ 1 ಆಗಬೇಕು. ಆಗದಿದ್ದರೆ ಮುಂದೆ ಹೋಗಬೇಡಿ. ಬಿಡಿಸಲು ಸೈಪೈಯ ‘ಸಾಲ್ವ್ ಬ್ಯಾಂಡೆಡ್’ ಸಾಕು. ಅದಕ್ಕೆ ಮೂರು ಸಾಲಿನ ಪಟ್ಟಿ ಕೊಡಬೇಕು: ಮೇಲಿನ ಸಾಲಿನ ಮೊದಲ ಮನೆ ಖಾಲಿ, ಕೆಳಗಿನ ಸಾಲಿನ ಕೊನೆಯ ಮನೆ ಖಾಲಿ. ಇದನ್ನು ಅದಲುಬದಲು ಮಾಡುವುದು ಬಹಳ ಸಾಮಾನ್ಯ. ವೇಗ ಎಲ್ಲೆಡೆ ಒಂದೇ ಇದ್ದಾಗ ಒಳಗಿನ ಅಂಕಿಗಳೆಲ್ಲ ಒಂದೇ ಆದ್ದರಿಂದ ತಪ್ಪು ಕೊನೆಯ ಸೆಲ್ಲುಗಳಲ್ಲಿ ಮಾತ್ರ ಅಡಗಿ ಕೂತಿರುತ್ತದೆ. ವೇಗ ಬದಲಾಗುವ ಮಾಡೆಲ್ ಓಡಿಸಿದ ದಿನ ಹೊರಬೀಳುತ್ತದೆ.

365 ದಿನವನ್ನು 2ರಿಂದ ಭಾಗಿಸಿದರೆ 182.5. ಪೂರ್ಣಾಂಕಕ್ಕೆ ಕತ್ತರಿಸಿದರೆ ಓಟ 364ನೇ ದಿನಕ್ಕೆ ನಿಲ್ಲುತ್ತದೆ, ಮುಂಭಾಗ 9 ಸೆಂಟಿಮೀಟರ್ ಹಿಂದೆ. ಕೊನೆಯ ಹೆಜ್ಜೆಯನ್ನು 1 ದಿನಕ್ಕೆ ಇಳಿಸಿದರೆ ಮ್ಯಾಟ್ರಿಕ್ಸನ್ನೂ ಆ ಹೆಜ್ಜೆಗೆ ಮತ್ತೆ ಕಟ್ಟಬೇಕು, ಅದನ್ನು ಮರೆಯುತ್ತಾರೆ. ಹೆಜ್ಜೆಯನ್ನು 2.5 ದಿನ ಮಾಡಿ 146 ಸುತ್ತು ಓಡಿಸುವುದು ಸುಲಭದ ದಾರಿ.

ಒಳಬರುವ ಗಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂಲದಲ್ಲಿ ‘ಸಾಂದ್ರತೆ ಇಷ್ಟು’ ಎಂದು ಕಟ್ಟುವುದು ಒಂದು, ‘ಒಳಬರುವ ನೀರಿನ ಜೊತೆ ಇಷ್ಟು ದ್ರವ್ಯ ಬರುತ್ತದೆ’ ಎಂದು ಕಟ್ಟುವುದು ಇನ್ನೊಂದು. ಮೊದಲನೆಯದರಲ್ಲಿ ನೀರು ಹೊತ್ತು ತರುವುದರ ಮೇಲೆ ಡಿಸ್ಪರ್ಷನ್ನೂ ಒಂದಿಷ್ಟು ಒಳಗೆ ತಳ್ಳುತ್ತದೆ. ಆ ಹೆಚ್ಚುವರಿಯ ಮೊತ್ತ ಕೊನೆಗೆ ಒಂದು ಡಿಸ್ಪರ್ಸಿವಿಟಿಯಷ್ಟು ಉದ್ದದ ತುಂಬಿದ ಮರಳಿಗೆ ಸಮ. ಬೋರ್ಡನ್ ಅಂಕಿಗಳಿಗೆ ಅದು 0.36 ಮೀಟರ್, ವರ್ಷಕ್ಕೆ ಒಳಬಂದ 32.85 ಮೀಟರಿನ ಮುಂದೆ ಶೇ. 1.1. ಬಿಟ್ಟುಬಿಡಬಹುದು. ಡಿಸ್ಪರ್ಸಿವಿಟಿ 10 ಮೀಟರ್ ಎಂದಿಟ್ಟ ದೊಡ್ಡ ಮಾಡೆಲಿನಲ್ಲಿ ಅದೇ ತಪ್ಪು ಶೇ. 30. ಹೂತ ಕಸದಿಂದ ಇಳಿಯುವ ನೀರಿನಂಥ ಮೂಲಕ್ಕೆ ಎರಡನೇ ವಿಧವೇ ಸರಿ.

ಕೋಡಿನಲ್ಲಿ: ಸಾಂದ್ರತೆ ಕಟ್ಟುವುದಾದರೆ ಗಡಿ ಇರುವುದು ಸೆಲ್ಲಿನ ಮುಖದಲ್ಲಿ, ನಡುವಿನಲ್ಲಲ್ಲ. ಮೊದಲ ಸೆಲ್ಲಿನ ಹಿಂದೆ ಒಂದು ಭೂತ ಸೆಲ್ ಕಲ್ಪಿಸಿ, ಅದರ ಬೆಲೆ ಗಡಿ ಸಾಂದ್ರತೆಯ ಎರಡರಷ್ಟರಲ್ಲಿ ಮೊದಲ ಸೆಲ್ಲಿನದನ್ನು ಕಳೆದಷ್ಟು ಎಂದಿಡಿ. ಕರ್ಣದ ಮೊದಲ ಅಂಕಿ 1.2592 ಹೋಗಿ 1.4788 ಆಗುತ್ತದೆ. ದ್ರವ್ಯ ಕಟ್ಟುವುದಾದರೆ ಅದೇ ಮನೆಯಲ್ಲಿ 1.2196. ಸೋಮಾರಿತನದಿಂದ ಮೊದಲ ಸೆಲ್ಲಿಗೇ ಸಾಂದ್ರತೆ ಬರೆದುಬಿಟ್ಟರೆ ಇಡೀ ಪ್ಲೂಮ್ (ನೆಲದೊಳಗೆ ಹರಡಿದ ಉಪ್ಪಿನ ಮೋಡ) ಕಾಲು ಮೀಟರ್ ಮುಂದೆ ಹೋಗುತ್ತದೆ.

ಓಗಾಟಾ-ಬ್ಯಾಂಕ್ಸ್ ಜೊತೆ ತಾಳೆ

1961ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಪ್ರಕಟಣೆಯಾಗಿ ಬಂದ ಓಗಾಟಾ ಮತ್ತು ಬ್ಯಾಂಕ್ಸ್ ಅವರ ಸೂತ್ರವೇ (ಸ್ಥಿರ ಸಾಂದ್ರತೆಯ ಮೂಲಕ್ಕೆ ಗ್ರಿಡ್ಡಿಲ್ಲದ ನಿಖರ ಉತ್ತರ) ಈ ಕೆಲಸದ ಅಳತೆಗೋಲು. ಎರಡು ಪದ: ಒಂದು ಪೂರಕ ದೋಷ ಫಲನ, ಇನ್ನೊಂದು ಎಕ್ಸ್‌ಪೊನೆನ್ಷಿಯಲ್ ಗುಣಿಸು ಇನ್ನೊಂದು ಪೂರಕ ದೋಷ ಫಲನ. ಎರಡನೆಯದನ್ನು ಬಿಡುವುದು ವಾಡಿಕೆ. ಬಿಟ್ಟರೆ 365ನೇ ದಿನ, 32.85 ಮೀಟರಿನಲ್ಲಿ ಮೂಲದ ಸಾಂದ್ರತೆಯ 0.5000 ಪಾಲು ಬರುತ್ತದೆ, ಇಟ್ಟುಕೊಂಡರೆ 0.5294. ಪ್ರೋಗ್ರಾಮ್ ‘ಶೇ. 3 ತಪ್ಪು’ ಎಂದು ಗಂಟೆಗಟ್ಟಲೆ ಹುಡುಕುವ ಮೊದಲು ಅಳತೆಗೋಲನ್ನೇ ಒಮ್ಮೆ ನೋಡಿ.

ಸೂತ್ರವನ್ನು ಪುಸ್ತಕದಲ್ಲಿದ್ದಂತೆ ಬರೆದರೆ ಇನ್ನೊಂದು ತೊಂದರೆ. ಎಕ್ಸ್‌ಪೊನೆನ್ಷಿಯಲ್ಲಿನ ಘಾತ ದೂರ ಭಾಗಿಸು ಡಿಸ್ಪರ್ಸಿವಿಟಿ. ಕಂಪ್ಯೂಟರಿನ ಡಬಲ್ ಸಂಖ್ಯೆ 709ರ ಘಾತಕ್ಕೆ ತುಂಬಿಹೋಗುತ್ತದೆ, ಅಂದರೆ 0.36ಕ್ಕೆ ಸುಮಾರು 255 ಮೀಟರ್ ದಾಟಿದರೆ ಅನಂತ. ಜೊತೆಗಿರುವ ದೋಷ ಫಲನ ಆ ಹೊತ್ತಿಗೆ ಸೊನ್ನೆ. ಅನಂತ ಗುಣಿಸು ಸೊನ್ನೆ ‘ಸಂಖ್ಯೆಯಲ್ಲ’ ಎಂದು ಬರುತ್ತದೆ, ಗ್ರಾಫ್ ಅರ್ಧಕ್ಕೆ ತುಂಡಾಗುತ್ತದೆ. ರಿಪೇರಿ ಸೊಗಸಾಗಿದೆ. ಎರಡೂ ದೋಷ ಫಲನಗಳ ಒಳಗಿನ ಸಂಖ್ಯೆಗಳ ವರ್ಗಗಳ ವ್ಯತ್ಯಾಸ ಸರಿಯಾಗಿ ಆ ಘಾತವೇ. ಹಾಗಾಗಿ ಎರಡನೇ ಪದವನ್ನು ‘ಮೊದಲ ಪದದ ಒಳಗಿನ ಸಂಖ್ಯೆಯ ವರ್ಗಕ್ಕೆ ಮೈನಸ್ ಹಾಕಿ ತೆಗೆದ ಎಕ್ಸ್‌ಪೊನೆನ್ಷಿಯಲ್, ಗುಣಿಸು ಎರಡನೆಯದರ ಇಆರ್‌ಎಫ್‌ಸಿಎಕ್ಸ್’ ಎಂದು ಬರೆಯಬಹುದು. ಇಆರ್‌ಎಫ್‌ಸಿಎಕ್ಸ್ ಎಂದರೆ ಒಳಗಿನ ಸಂಖ್ಯೆಯ ವರ್ಗದ ಎಕ್ಸ್‌ಪೊನೆನ್ಷಿಯಲ್ ಗುಣಿಸು ಪೂರಕ ದೋಷ ಫಲನ, ಸೈಪೈಯಲ್ಲಿ ತಯಾರಿದೆ. ಎಷ್ಟು ದೂರಕ್ಕೂ ಇನ್ನು ಸಿಡಿಯುವುದಿಲ್ಲ.

ತಾಳೆ ನೋಡುವಾಗ ಒಂದೇ ಗ್ರಿಡ್ಡಿನ ದೋಷ ನೋಡಿ ಸಮಾಧಾನಪಡಬಾರದು. ಸೆಲ್ಲನ್ನೂ ಹೆಜ್ಜೆಯನ್ನೂ ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ. ದೋಷ ಪ್ರತಿ ಸಲ ನಾಲ್ಕನೇ ಒಂದಕ್ಕೆ ಇಳಿಯಬೇಕು. ಅರ್ಧಕ್ಕೆ ಮಾತ್ರ ಇಳಿಯುತ್ತಿದ್ದರೆ ಎಲ್ಲೋ ಮೊದಲ ದರ್ಜೆಯ ತುಂಡು ಸೇರಿಕೊಂಡಿದೆ; ಹತ್ತಕ್ಕೆ ಒಂಬತ್ತು ಸಲ ಅದು ಗಡಿಯ ಆ ಅರ್ಧ ಸೆಲ್. ಹೆಜ್ಜೆಯನ್ನು 30 ದಿನದಷ್ಟು ದೊಡ್ಡದಿಟ್ಟಾಗ ಕ್ರ್ಯಾಂಕ್-ನಿಕೋಲ್ಸನ್ ಮೂಲದ ಬಳಿ ಗುಯ್‌ಗುಟ್ಟುವುದುಂಟು. ಮೊದಲ ಒಂದೆರಡು ಹೆಜ್ಜೆಯನ್ನು ಪೂರ್ತಿ ಇಂಪ್ಲಿಸಿಟ್ ಸಣ್ಣ ಹೆಜ್ಜೆಗಳಾಗಿ ಒಡೆದರೆ ಅಡಗುತ್ತದೆ.

ದೊಡ್ಡ ಸೆಲ್ಲೇ ಬೇಕಾದಾಗ

ಪೆಕ್ಲೆ 2ರ ಕೆಳಗೆ ಇಳಿಸಲು ಆಗದ ಮಾಡೆಲುಗಳೇ ಹೆಚ್ಚು. ಆಗ ಹೊತ್ತೊಯ್ಯುವ ಭಾಗಕ್ಕೆ ಟಿವಿಡಿ (ಸುಳ್ಳು ಕುಣಿತ ಹುಟ್ಟದಂತೆ ಏರಿಳಿತಕ್ಕೆ ಮಿತಿ ಹಾಕುವ ವಿಧಾನ), ಡಿಸ್ಪರ್ಷನ್ ಭಾಗಕ್ಕೆ ಇಂಪ್ಲಿಸಿಟ್ ಎಂದು ಎರಡು ಹಂತ ಮಾಡುವುದು ಒಳ್ಳೆಯದು. ಮುಖದ ಮೇಲಿನ ಸಾಂದ್ರತೆ = ಹಿಂದಿನ ಸೆಲ್ಲಿನದು + ಅರ್ಧ × (1 − ಕೊರಾಂಟ್) × ಮಿತಗೊಳಿಸಿದ ಏರಿಳಿತ. ಕೊರಾಂಟ್ ಎಂದರೆ ವೇಗ × ಹೆಜ್ಜೆ ÷ ಸೆಲ್ ಅಗಲ. ಏರಿಳಿತಕ್ಕೆ ವ್ಯಾನ್ ಲೀರ್ ಮಿತಿ. ಅದನ್ನು ಅನುಪಾತದ ರೂಪದಲ್ಲಿ ಬರೆದರೆ ಸಮತಟ್ಟು ಜಾಗದಲ್ಲಿ ಸೊನ್ನೆಯಿಂದ ಭಾಗಾಕಾರವಾಗುತ್ತದೆ. ಬದಲಿಗೆ ಅಕ್ಕಪಕ್ಕದ ಎರಡು ವ್ಯತ್ಯಾಸಗಳ ಗುಣಲಬ್ಧ ಪ್ಲಸ್ ಇದ್ದರೆ ಗುಣಲಬ್ಧದ ಎರಡರಷ್ಟು ಭಾಗಿಸು ಮೊತ್ತ, ಇಲ್ಲದಿದ್ದರೆ ಸೊನ್ನೆ ಎಂದು ಬರೆಯಿರಿ. ಕೊರಾಂಟ್ 1 ದಾಟಬಾರದು: 2 ಮೀಟರ್ ಸೆಲ್ಲಿಗೆ ಹೆಜ್ಜೆ 22 ದಿನದೊಳಗೆ. ಮೈನಸ್ ಬರುವುದಿಲ್ಲ, ಬಾಲವೂ ಅಪ್‌ವಿಂಡಿನಷ್ಟು ಊದಿಕೊಳ್ಳುವುದಿಲ್ಲ. ಆದರೆ ಒಂದೆರಡು ಸೆಲ್ ಅಗಲದ ಚೂಪು ಶಿಖರವನ್ನು ಟಿವಿಡಿ ಬೋಳಿಸಿಬಿಡುತ್ತದೆ; ಶಿಖರದ ಎತ್ತರವೇ ಮುಖ್ಯವಾದಲ್ಲಿ ಗ್ರಿಡ್ ಸಣ್ಣದಾಗಲೇಬೇಕು.

ಮಣ್ಣಿಗೆ ಅಂಟುವ ರಾಸಾಯನಿಕ

ರಿಟಾರ್ಡೇಷನ್ (ಅಂಟುವುದರಿಂದ ಎಷ್ಟು ಪಟ್ಟು ನಿಧಾನ) = 1 + ಒಣ ಮಣ್ಣಿನ ಸಾಂದ್ರತೆ (ಘನ ಅಳತೆಗೆ ತೂಕ) × ಹಂಚಿಕೆ ಗುಣಾಂಕ (ಮಣ್ಣಿಗೂ ನೀರಿಗೂ ರಾಸಾಯನಿಕ ಹಂಚಿಹೋಗುವ ಅನುಪಾತ) ÷ ರಂಧ್ರತೆ. ಘನ ಸೆಂಟಿಮೀಟರಿಗೆ 1.81 ಗ್ರಾಂ, ಗ್ರಾಮಿಗೆ 0.547 ಮಿಲಿಲೀಟರ್, ರಂಧ್ರತೆ 0.33 ಇಟ್ಟರೆ 4. ಒಂದು ಅಂಕಿ ಕಿಲೋ-ಘನ ಮೀಟರಿನಲ್ಲಿ, ಇನ್ನೊಂದು ಗ್ರಾಂ-ಮಿಲಿಲೀಟರಿನಲ್ಲಿ ಬಂದರೆ ಉತ್ತರ 3001 ಅಥವಾ 1.003. ಮೊದಲನೆಯದಾದರೆ ಪ್ಲೂಮ್ ಅಲುಗುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಎರಡನೆಯದಾದರೆ ಅಂಟದ ವಸ್ತುವಿನಂತೆಯೇ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ರಿಟಾರ್ಡೇಷನ್ 4 ಆದಾಗ ಮೊಮೆಂಟ್ ಪರೀಕ್ಷೆ ವೇಗ 0.0225, ಡಿಸ್ಪರ್ಷನ್ 0.0081 ಎಂದು ತೋರಿಸಬೇಕು. ಎರಡರ ಅನುಪಾತ ಮತ್ತೆ 0.36. ಪೆಕ್ಲೆ ಹಾಗೇ ಉಳಿಯುತ್ತದೆ, ಕಾಲದ ಹೆಜ್ಜೆಯ ಸುಳ್ಳು ಪಾಲು ಮಾತ್ರ ಶೇ. 25ರಿಂದ 6.25ಕ್ಕೆ ಇಳಿಯುತ್ತದೆ. ದ್ರವ್ಯರಾಶಿ ಮೊತ್ತದಲ್ಲಿ ಮಣ್ಣಿಗೆ ಅಂಟಿದ್ದನ್ನೂ ಸೇರಿಸಿ: ಸಾಂದ್ರತೆ × ರಂಧ್ರತೆ × ರಿಟಾರ್ಡೇಷನ್. ಆರಂಭದ ಸಾಂದ್ರತೆಯನ್ನು ನೀರಿನಲ್ಲಿರುವುದಾಗಿ ಕೊಟ್ಟರೆ ಒಟ್ಟು ದ್ರವ್ಯ ನಾಲ್ಕು ಪಟ್ಟಾಗುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ಬೋರ್ಡನ್‌ನಲ್ಲಿ ಬಿಟ್ಟ ಐದು ಸಾವಯವ ರಾಸಾಯನಿಕಗಳಲ್ಲೊಂದಾದ ಟೆಟ್ರಾಕ್ಲೋರೋಎಥಿಲೀನಿನ ರಿಟಾರ್ಡೇಷನ್ ಕಾಲ ಕಳೆದಂತೆ 2.7ರಿಂದ 5.9ಕ್ಕೆ ಏರಿತು. ಮರಳಿನ ಕಣದ ಒಳಕ್ಕೆ ರಾಸಾಯನಿಕ ನಿಧಾನವಾಗಿ ಇಳಿಯುವುದು ಅದಕ್ಕೊಂದು ಕಾರಣ. ಒಂದೇ ಸ್ಥಿರ ಸಂಖ್ಯೆ ಇಟ್ಟು ಮೊದಲ ತಿಂಗಳಿಗೂ ಎರಡನೇ ವರ್ಷಕ್ಕೂ ಹೊಂದಿಸಲು ಹೆಣಗಬೇಡಿ, ಹೊಂದುವುದಿಲ್ಲ. ಕೊಳೆಯುವಿಕೆ ಸೇರಿಸುವಾಗ ಅದು ನೀರಿನಲ್ಲಿ ಮಾತ್ರವೋ ಅಂಟಿದ್ದರಲ್ಲೂ ನಡೆಯುತ್ತದೋ ಎಂದು ಮೊದಲೇ ತೀರ್ಮಾನಿಸಿ. ವಿಕಿರಣಶೀಲ ವಸ್ತುವಿಗೆ ಎರಡೂ.

ಎರಡು ಆಯಾಮ

ಹರಿವು ಗ್ರಿಡ್ಡಿಗೆ ಓರೆಯಾದರೆ ಅಪ್‌ವಿಂಡಿನ ಸುಳ್ಳು ಅಡ್ಡ ದಿಕ್ಕಿಗೂ ಹರಿಯುತ್ತದೆ. 45 ಡಿಗ್ರಿ, 0.5 ಮೀಟರ್ ಸೆಲ್: ಎರಡೂ ದಿಕ್ಕಿನ ವೇಗ 0.0636, ಸುಳ್ಳು ಡಿಸ್ಪರ್ಷನ್ ಎಲ್ಲ ದಿಕ್ಕಿಗೂ 0.0159. ಅಡ್ಡ ದಿಕ್ಕಿನ ನಿಜವಾದದ್ದು 0.039 × 0.09 = 0.0035. ನಾಲ್ಕೂವರೆ ಪಟ್ಟು! ಬೋರ್ಡನ್‌ನಂಥ ತೆಳ್ಳಗಿನ ಉದ್ದನೆಯ ಪ್ಲೂಮ್ ಗುಂಡು ಹೋಳಿಗೆಯಾಗುತ್ತದೆ. ಇದಕ್ಕೆ ಅಗ್ಗದ ಮದ್ದು ಗ್ರಿಡ್ಡನ್ನೇ ಹರಿವಿನ ದಿಕ್ಕಿಗೆ ತಿರುಗಿಸುವುದು. ಓರೆ ಗ್ರಿಡ್ಡಿನಲ್ಲಿ ಅಡ್ಡಪದವನ್ನು (ಎರಡು ದಿಕ್ಕುಗಳ ಹರಡಿಕೆಯನ್ನು ಬೆಸೆಯುವ ಡಿಸ್ಪರ್ಷನ್ ಪದ) ಬಿಟ್ಟುಬಿಡುವವರೂ ಇದ್ದಾರೆ. ಇಲ್ಲಿ ನೇರ ಪದ 0.0180, ಅಡ್ಡಪದ 0.0144, ಬಿಡುವಂಥ ಗಾತ್ರವಲ್ಲ. ಇಟ್ಟುಕೊಂಡರೆ ಮೂಲೆ ಸೆಲ್ಲುಗಳಿಂದ ಸಣ್ಣ ಮೈನಸ್ಸುಗಳು ಬರುತ್ತವೆ, ಅವುಗಳ ಗಾತ್ರ ನೋಡಿ ಸಹಿಸಿಕೊಳ್ಳಬೇಕು.

ಈ ಕೋಡನ್ನು ಹಾಗೇ ಎತ್ತಿ ಕೋಲಾರದ ಬೋರ್‌ವೆಲ್ಲಿಗೆ ಹಚ್ಚಲು ಹೋಗಬೇಡಿ. ಅಲ್ಲಿ ಕೆಳಗಿರುವುದು ಮರಳಲ್ಲ, ನೈಸ್ ಮತ್ತು ಗ್ರಾನೈಟ್; ನೀರು ಬಿರುಕಿನಲ್ಲಿ ಓಡುತ್ತದೆ, ಉಪ್ಪು ಬಿರುಕಿನಿಂದ ಬಂಡೆಯೊಳಕ್ಕೆ ಇಳಿದು ಮತ್ತೆ ನಿಧಾನವಾಗಿ ಹೊರಬರುತ್ತದೆ. ಅದಕ್ಕೆ ಪ್ರತಿ ಸೆಲ್ಲಿಗೂ ಓಡುವ ನೀರು, ನಿಂತ ನೀರು ಎಂದು ಎರಡು ಸಾಂದ್ರತೆ ಬೇಕು. ಮೇಲಿನ ಶಿಥಿಲ ಪದರಕ್ಕೆ ಮಾತ್ರ ಇಲ್ಲಿನ ಮಾಡೆಲ್ ಒಂದಿಷ್ಟು ಒಗ್ಗೀತು.

ಮಾಡ್‌ಫ್ಲೋ 6 ಜೊತೆ ಅಡ್ಡತಾಳೆ

ಸ್ವಂತ ಕೋಡು ನಿಂತ ಮೇಲೆ ಅದೇ ಸಮಸ್ಯೆಯನ್ನು ಫ್ಲೋಪೈ ಎಂಬ ಪೈಥಾನ್ ಲೈಬ್ರರಿಯ ಮೂಲಕ ಮಾಡ್‌ಫ್ಲೋ 6ರಲ್ಲಿ (ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂತರ್ಜಲ ಪ್ರೋಗ್ರಾಮ್) ಕಟ್ಟುವುದು ಲಾಭ. 200 ಕಾಲಮ್, ಒಂದು ಸಾಲು, ಒಂದು ಪದರ, ಎತ್ತರ ಅಗಲ ಎರಡೂ 1 ಮೀಟರ್. ಎರಡೂ ತುದಿಗೆ ಸ್ಥಿರ ಮಟ್ಟ ಕೊಟ್ಟರೆ ಅವು ಸೆಲ್ಲಿನ ನಡುವಿನಲ್ಲಿ ಕೂರುತ್ತವೆ, ಆದ್ದರಿಂದ ಉದ್ದ 100 ಅಲ್ಲ, 99.5. ಅದರ ಬದಲು ಮೊದಲ ಸೆಲ್ಲಿಗೆ ಬಾವಿಯಾಗಿ ದಿನಕ್ಕೆ 0.0297 ಘನ ಮೀಟರ್ ಒಳಬಿಟ್ಟು, ಅದರ ಸಾಂದ್ರತೆಯನ್ನು ಬಾವಿಯ ಪ್ಯಾಕೇಜಿನಲ್ಲಿ ಸಹಾಯಕ ಅಂಕಿಯಾಗಿ ಕೊಟ್ಟು, ಮೂಲಗಳ ಸಾಂದ್ರತೆ ನೋಡಿಕೊಳ್ಳುವ ಎಸ್‌ಎಸ್‌ಎಂ ಪ್ಯಾಕೇಜಿನಲ್ಲಿ ಅದನ್ನು ಹೆಸರಿಸುವುದು ಉತ್ತಮ. ವೇಗ ಸರಿಯಾಗಿ 0.09 ಬರುತ್ತದೆ, ಗಡಿಯೂ ದ್ರವ್ಯ ಕಟ್ಟುವ ವಿಧದ್ದಾಗುತ್ತದೆ. ಸೆಲ್ಲಿಗೇ ಸ್ಥಿರ ಸಾಂದ್ರತೆ ಕಟ್ಟುವ ಸಿಎನ್‌ಸಿ ಪ್ಯಾಕೇಜ್ ಬಳಸಿದರೆ ಹಿಂದೆ ಹೇಳಿದ ಕಾಲು ಮೀಟರ್ ಮತ್ತೆ ಒಳನುಸುಳುತ್ತದೆ.

ಸಾಗಣೆಯ ಮ್ಯಾಟ್ರಿಕ್ಸ್ ಎರಡೂ ಕಡೆ ಸಮವಲ್ಲ, ಮೇಲೆ ಕಂಡ ಮೈನಸ್ 0.2196 ಮತ್ತು ಮೈನಸ್ 0.0396 ಅದಕ್ಕೆ ಸಾಕ್ಷಿ. ಹರಿವಿಗೆ ಇಟ್ಟ, ಸಮ ಮ್ಯಾಟ್ರಿಕ್ಸಿಗೆ ಮಾತ್ರ ಒಗ್ಗುವ ಸಿಜಿ ವಿಧಾನವನ್ನೇ ಇಲ್ಲೂ ಇಟ್ಟರೆ ಒಮ್ಮುಖವಾಗುತ್ತದೆಂಬ ಭರವಸೆಯಿಲ್ಲ. ಸಾಗಣೆಗೆ ಬೇರೆ ಐಎಂಎಸ್ (ಸಮೀಕರಣ ಬಿಡಿಸುವ ಭಾಗ) ಇಟ್ಟು, ಅಸಮ ಮ್ಯಾಟ್ರಿಕ್ಸಿಗೂ ಒಗ್ಗುವ ಬೈಸಿಜಿಸ್ಟ್ಯಾಬ್ ಎಂದು ಬರೆಯಬೇಕು. ಹೊತ್ತೊಯ್ಯುವ ಪ್ಯಾಕೇಜಿನ ಆಯ್ಕೆಗಳಲ್ಲಿ ಅಪ್‌ಸ್ಟ್ರೀಮ್, ಸೆಂಟ್ರಲ್, ಟಿವಿಡಿ ಸೇರಿವೆ. ಈ ಗ್ರಿಡ್ಡಿಗೆ ಸೆಂಟ್ರಲ್ ಸಾಕು.

ಆದರೂ ಸ್ವಂತ ಕೋಡಿನ ಕ್ರ್ಯಾಂಕ್-ನಿಕೋಲ್ಸನ್ ಉತ್ತರಕ್ಕೂ ಇದಕ್ಕೂ ಮೊದಲ ಓಟದಲ್ಲಿ ತಾಳೆಯಾಗುವುದಿಲ್ಲ, ಮುಂಭಾಗ ಸ್ವಲ್ಪ ಅಗಲವಾಗಿರುತ್ತದೆ. ಯಾಕೆಂದರೆ ಅದು ಕಾಲದಲ್ಲಿ ಪೂರ್ತಿ ಇಂಪ್ಲಿಸಿಟ್, ಅಂದರೆ 2 ದಿನದ ಹೆಜ್ಜೆಗೆ ಆ ಶೇ. 25 ಇದ್ದೇ ಇರುತ್ತದೆ. ಶೇ. 2ಕ್ಕೆ ಇಳಿಸಲು ಹೆಜ್ಜೆ 0.16 ದಿನವಾಗಬೇಕು, ವರ್ಷಕ್ಕೆ 2,282 ಹೆಜ್ಜೆ. ಒಂದು ಆಯಾಮದ ಮಾಡೆಲಿಗೆ ಇದೇನೂ ಭಾರವಲ್ಲ. ಹೆಜ್ಜೆ ಇಳಿಸಲು ಆಗದ ದೊಡ್ಡ ಮಾಡೆಲಾದರೆ ವೇಗ ಗುಣಿಸು ಹೆಜ್ಜೆಯ ಅರ್ಧವನ್ನು ಲೆಕ್ಕ ಹಾಕಿ, ಇನ್‌ಪುಟ್ ಡಿಸ್ಪರ್ಸಿವಿಟಿಯ ಪಕ್ಕದಲ್ಲೇ ವರದಿಯಲ್ಲಿ ಬರೆದಿಡಿ.